ಶುರು ಮಾಡೋಕೆ ಒಬ್ರು ಸಾಕು, ನಿಲ್ಲಿಸೋಕೆ ಮೂರರಲ್ಲಿ ಎರಡು ಪಾಲು ಬೇಕು: ಅಮೆರಿಕದ ಯುದ್ಧಗಳು ಮತ್ತು ಅಲ್ಲಿನ ಜನ

ಹೋದ ಭಾನುವಾರ ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದನ್ನ ಇಲ್ಲಿ ಬರೆದು ಹಾಕ್ತಾ ಇದೀನಿ, ಬರೋಕಾಗದೆ ಇದ್ದವರು ತುಂಬಾ ಜನ ಕೇಳಿದ್ರು. ಮಾತು ಮಾತಿನ ಥರಾನೇ ಇರ್ಲಿ ಅಂತ ಜಾಸ್ತಿ ತಿದ್ದಿಲ್ಲ, ಇಸವಿ ಮತ್ತೆ ಓಟಿನ ಲೆಕ್ಕ ಮಾತ್ರ ನೋಡಿ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. 2025ರ ಜೂನ್ 22ನೇ ತಾರೀಖು ಅಮೆರಿಕ ಇರಾನಿನ ಮೂರು ಅಣು ಕೇಂದ್ರಗಳ ಮೇಲೆ ದಾಳಿ ಮಾಡ್ತು, ಫೋರ್ಡೋ, ನತಾಂಜ್, ಇಸ್ಫಹಾನ್. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನರ ಮಕ್ಕಳು ಅಮೆರಿಕದಲ್ಲಿದಾರೆ, ಕೆಲವರು ಅಲ್ಲಿನ ಸಿಟಿಜನ್ ಆಗಿ ಓಟೂ ಹಾಕ್ತಾರೆ. ಅಂಥವರ ಓಟಿನಿಂದ ಆರಿಸಿ ಬಂದ 435 ಜನ ಹೌಸ್‌ನಲ್ಲಿ, 100 ಜನ ಸೆನೆಟ್‌ನಲ್ಲಿ ಕೂತಿದಾರೆ, ಎರಡೂ ಸೇರಿದ್ರೆ ಅಲ್ಲಿನ ಕಾಂಗ್ರೆಸ್, ಅಂದ್ರೆ ಪಾರ್ಲಿಮೆಂಟು. ದಾಳಿ ಮಾಡೋಣ್ವಾ ಬೇಡ್ವಾ ಅಂತ ಆ 535 ಜನರ ಮುಂದೆ ಯಾರೂ ಓಟಿಗೆ ಇಡಲಿಲ್ಲ. ಐದು ದಿನ ಆದ್ಮೇಲೆ ವರ್ಜೀನಿಯಾದ ಸೆನೆಟರ್ ಟಿಮ್ ಕೇನ್ ತಂದಿದ್ದ ಒಂದು ನಿರ್ಣಯ ಸೆನೆಟ್ಟಿನಲ್ಲಿ ಓಟಿಗೆ ಬಂತು, ಇನ್ಮುಂದೆ ಇರಾನ್ ಮೇಲೆ ಯುದ್ಧಕ್ಕೆ ಹೋಗೋದಾದ್ರೆ ಕಾಂಗ್ರೆಸ್ಸಿನ ಒಪ್ಪಿಗೆ ತಗೊಂಡೇ ಹೋಗ್ಬೇಕು ಅಂತ. ಅದು 47-53ರಲ್ಲಿ ಬಿದ್ದೋಯ್ತು.

ಇದು ಟ್ರಂಪ್ ಒಬ್ಬರ ಕಥೆ ಅಂತ ದಯವಿಟ್ಟು ತಿಳ್ಕೋಬೇಡಿ. ಒಬಾಮಾ 2011ರಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕಿಸಿದಾಗಲೂ ಕಾಂಗ್ರೆಸ್ಸಿನ ಒಪ್ಪಿಗೆ ಇರ್ಲಿಲ್ಲ, ಕ್ಲಿಂಟನ್ 1999ರಲ್ಲಿ ಕೊಸೊವೊ ವಿಷಯದಲ್ಲಿ ಯುಗೊಸ್ಲಾವಿಯಾ ಮೇಲೆ 78 ದಿನ ಬಾಂಬ್ ಹಾಕಿಸಿದ್ರು, ಅದಕ್ಕೂ ಇರ್ಲಿಲ್ಲ. ಪಕ್ಷ ಯಾವುದಾದ್ರೂ ಆಗ್ಲಿ, ಆ ಕುರ್ಚಿಗೆ ಆ ಅಧಿಕಾರ ಅಂಟಿಕೊಂಡುಬಿಟ್ಟಿದೆ.

ನಾನು ಇವತ್ತು ಹೇಳೋಕೆ ಬಂದಿರೋದು ಒಂದೇ ವಿಷಯ. ಒಂದು ದೇಶ ತನ್ನ ವಿದೇಶಾಂಗ ನೀತಿನ ತಾನೇ ಸ್ವತಂತ್ರವಾಗಿ ನಿರ್ಧಾರ ಮಾಡ್ತಾ ಇದೆಯಾ ಅನ್ನೋ ಪ್ರಶ್ನೆ, ಆ ನಿರ್ಧಾರದ ಮೇಲೆ ಅದರ ಜನಕ್ಕೆ ಹಿಡಿತ ಇದೆಯಾ ಅನ್ನೋ ಪ್ರಶ್ನೆ, ಎರಡೂ ಒಂದೇ. ಜನ ಕೂರ್ಬೇಕಾದ ಜಾಗದಲ್ಲಿ ಜನ ಇಲ್ಲ ಅಂದ್ರೆ ಆ ಜಾಗ ಖಾಲಿ ಇರೋದಿಲ್ಲ, ಮಿತ್ರ ದೇಶಗಳು, ಲಾಬಿಗಳು, ಆಯುಧ ಮಾರೋ ಕಂಪನಿಗಳು ಬಂದು ಕೂತ್ಕೋತಾವೆ. ಅಮೆರಿಕದಲ್ಲಿ ಆಗಿರೋದು ಅದು. ಆದ್ರೆ ಅಲ್ಲಿನ ಜನ ಆ ಜಾಗನ ಕೆಲವು ಸಲ ವಾಪಸ್ ಕಿತ್ಕೊಂಡಿದಾರೆ, ಅದನ್ನ ಹೇಗೆ ಮಾಡಿದ್ರು ಅನ್ನೋದೇ ನನಗೆ ಮುಖ್ಯ, ಅದರಲ್ಲೂ ಒಂದು ಸಲ ಅವರು ಹಾಗೆ ಮಾಡಿದ್ದು ನಮ್ಮ ಪಕ್ಕದ ಬಂಗಾಳಿಗಳಿಗೋಸ್ಕರ.

ಮೊದಲು ಸಂವಿಧಾನ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರು ಈ ವಿಷಯದಲ್ಲಿ ತುಂಬಾ ಹುಷಾರಾಗಿದ್ರು. ಯುರೋಪಿನ ರಾಜರು ತಮ್ಮ ಮನೆತನದ ಜಗಳಕ್ಕೆ ದೇಶದ ಹುಡುಗರನ್ನ ಕಳ್ಸಿ ಸಾಯಿಸಿದ್ದನ್ನ ಅವರು ನೋಡಿದ್ರು. ಅದಕ್ಕೇ ಯುದ್ಧ ಘೋಷಿಸೋ ಅಧಿಕಾರನ ಕಾಂಗ್ರೆಸ್ಸಿಗೆ ಕೊಟ್ರು. ಯಾರಾದ್ರೂ ತಟ್ಟನೆ ಮೇಲೆ ಬಿದ್ರೆ ಎದುರಿಸೋಕೆ ಮಾತ್ರ ಅಧ್ಯಕ್ಷರಿಗೆ ಅವಕಾಶ ಇರ್ಲಿ ಅಂತ ಆಗಸ್ಟ್ 17ರ ಚರ್ಚೆಯಲ್ಲಿ ಮ್ಯಾಡಿಸನ್ ಮತ್ತೆ ಗೆರ್ರಿ ಒಂದು ತಿದ್ದುಪಡಿ ತಂದ್ರು, ಅಷ್ಟೇ. ಸೈನ್ಯಕ್ಕೆ ಹಣ ಕೊಡೋದೂ ಕಾಂಗ್ರೆಸ್ಸೇ, ಅದೂ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಜಾಸ್ತಿ ಅವಧಿಗೆ ಕೊಡೋ ಹಾಗಿಲ್ಲ. ಹೌಸ್‌ಗೆ ಎರಡು ವರ್ಷಕ್ಕೊಂದು ಸಲ ಚುನಾವಣೆ. ಅಂದ್ರೆ ಯಾವ ಯುದ್ಧವೂ ಒಂದು ಚುನಾವಣೆನ ಎದುರಿಸದೆ ಮುಂದಕ್ಕೆ ಹೋಗ್ಬಾರ್ದು ಅನ್ನೋ ಲೆಕ್ಕಾಚಾರ. ನನಗಂತೂ ಇದು ಬಹಳ ದೊಡ್ಡ ಯೋಚನೆ ಅನ್ಸುತ್ತೆ.

ಲಿಂಕನ್ ಬಗ್ಗೆ ನಮಗೆಲ್ಲ ಗುಲಾಮಗಿರಿ, ಸಿವಿಲ್ ವಾರ್ ಇಷ್ಟೇ ಗೊತ್ತು. ಅವರು 1847ರಲ್ಲಿ ಇನ್ನೂ ಹೊಸ ಎಂಪಿ ಆಗಿದ್ದಾಗ ಅಧ್ಯಕ್ಷ ಪೋಕ್ ಅವರನ್ನ ಸದನದಲ್ಲೇ ಹಿಡ್ಕೊಂಡಿದ್ರು. ಮೆಕ್ಸಿಕೋದವರು ನಮ್ಮ ನೆಲದ ಮೇಲೆ ನಮ್ಮ ರಕ್ತ ಚೆಲ್ಲಿದಾರೆ ಅಂತ ಹೇಳಿ ಪೋಕ್ ಯುದ್ಧಕ್ಕೆ ಹೋಗಿದ್ರು, ಆ ರಕ್ತ ಬಿದ್ದ ಜಾಗ ಯಾವುದು, ಅದು ನಿಜವಾಗ್ಲೂ ನಮ್ಮ ನೆಲಾನಾ ತೋರಿಸಿ ಅಂತ ಲಿಂಕನ್ ನಿರ್ಣಯಗಳನ್ನ ತಂದ್ರು. ಮುಂದಿನ ವರ್ಷ ತಮ್ಮ ವಕೀಲ ಪಾರ್ಟ್‌ನರ್ ಹರ್ನ್‌ಡನ್‌ಗೆ ಬರೆದ ಪತ್ರದಲ್ಲಿ, ಜನರ ಒಳ್ಳೇದಕ್ಕೆ ಅಂತ ಹೇಳ್ಕೊಂಡು ರಾಜರು ಜನರನ್ನ ಯುದ್ಧಕ್ಕೆ ದೂಡಿ ಬಡವರನ್ನಾಗಿ ಮಾಡ್ತಿದ್ರು, ಯಾವ ಒಬ್ಬ ಮನುಷ್ಯನಿಗೂ ಆ ಅಧಿಕಾರ ಇರಬಾರದು ಅಂತಾನೇ ನಮ್ಮ ಸಂವಿಧಾನ ಮಾಡಿದ್ದು, ಅನ್ನೋ ಅರ್ಥದಲ್ಲಿ ಬರೀತಾರೆ.

ಈಗ ಒಂದು ವಿಷಯ ಹೇಳ್ತೀನಿ, ಕೇಳಿದ ತಕ್ಷಣ ನಂಬೋಕಾಗಲ್ಲ. ಅಮೆರಿಕದ ಕಾಂಗ್ರೆಸ್ ಕೊನೇ ಸಲ ವಿಧಿವತ್ತಾಗಿ ಯುದ್ಧ ಘೋಷಣೆ ಮಾಡಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರುಮೇನಿಯಾ ಮೇಲೆ. ಅದಾದ್ಮೇಲೆ ಒಂದೂ ಇಲ್ಲ. ಕೊರಿಯಾ ಇಲ್ಲ, ವಿಯೆಟ್ನಾಂ ಇಲ್ಲ, ಇರಾಕ್ ಇಲ್ಲ, ಅಫ್ಘಾನಿಸ್ತಾನ ಇಲ್ಲ. ಕೊರಿಯಾಕ್ಕೆ 1950ರಲ್ಲಿ ಟ್ರೂಮನ್ ಸೈನ್ಯ ಕಳ್ಸಿದಾಗ ಇದು ಯುದ್ಧ ಅಲ್ಲ, ವಿಶ್ವಸಂಸ್ಥೆಯ ಪರವಾಗಿ ಪೊಲೀಸ್ ಕಾರ್ಯಾಚರಣೆ ಅಂದ್ಬಿಟ್ರು. ಅದರಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು ಸತ್ರು, ಕೊರಿಯಾದವರು ಲಕ್ಷಗಟ್ಟಲೆ.

ವಿಯೆಟ್ನಾಂ ಇನ್ನೂ ಕೆಟ್ಟದು. 1964ರ ಆಗಸ್ಟ್ 4ರ ರಾತ್ರಿ ಟಾಂಕಿನ್ ಕೊಲ್ಲಿಯಲ್ಲಿ ನಮ್ಮ ಹಡಗುಗಳ ಮೇಲೆ ಎರಡನೇ ಸಲ ದಾಳಿ ಆಯ್ತು ಅಂತ ಜಾನ್ಸನ್ ಸರ್ಕಾರ ಹೇಳ್ತು, ಮೂರು ದಿನದಲ್ಲಿ ಕಾಂಗ್ರೆಸ್ ಅಧ್ಯಕ್ಷರಿಗೆ ಪೂರ್ತಿ ಅಧಿಕಾರ ಕೊಟ್ಟುಬಿಡ್ತು, ಹೌಸ್‌ನಲ್ಲಿ 416-0, ಸೆನೆಟ್‌ನಲ್ಲಿ 88-2. ಬೇಡ ಅಂದವರು ಇಬ್ಬರೇ, ಆರೆಗಾನ್‌ನ ವೇಯ್ನ್ ಮೋರ್ಸ್, ಅಲಾಸ್ಕಾದ ಅರ್ನೆಸ್ಟ್ ಗ್ರುಯೆನಿಂಗ್. ಆ ಎರಡನೇ ದಾಳಿ ಆಗೇ ಇರ್ಲಿಲ್ಲ, ಇದನ್ನ ಅವರದೇ ಗುಪ್ತಚರ ಸಂಸ್ಥೆಯ ದಾಖಲೆಗಳು 2005ರಲ್ಲಿ ಹೊರಗೆ ಬಂದಾಗ ಎಲ್ಲರೂ ಓದಿದ್ರು. ಅಷ್ಟರಲ್ಲಿ 58 ಸಾವಿರ ಅಮೆರಿಕನ್ನರು, ಅದರ ಎಷ್ಟೋ ಪಟ್ಟು ವಿಯೆಟ್ನಾಮಿನ ಜನ ಸತ್ತು ಮಣ್ಣಾಗಿದ್ರು. ಸುಳ್ಳು ಹೇಳಿ ತಗೊಂಡ ಒಪ್ಪಿಗೆ ಒಪ್ಪಿಗೆ ಆಗುತ್ತಾ? ಆಗಲ್ಲ.

ಇದಾದ್ಮೇಲೆ ಕಾಂಗ್ರೆಸ್ಸಿಗೆ ಎಚ್ಚರ ಆಯ್ತು. 1973ರ ನವೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ವೀಟೋ ಮಾಡಿದ್ರೂ, ಅಂದ್ರೆ ಸಹಿ ಹಾಕಲ್ಲ ಅಂತ ತಿರಸ್ಕರಿಸಿದ್ರೂ, ಅದನ್ನ ಮೀರಿ ಒಂದು ಕಾನೂನು ತಂದ್ರು, ವಾರ್ ಪವರ್ಸ್ ಕಾನೂನು. ಸೈನ್ಯ ಕಳ್ಸಿದ್ರೆ 48 ಗಂಟೆ ಒಳಗೆ ವರದಿ ಕೊಡ್ಬೇಕು, ಒಪ್ಪಿಗೆ ಸಿಗದೆ ಇದ್ರೆ 60 ದಿನದಲ್ಲಿ ನಿಲ್ಲಿಸ್ಬೇಕು, ವಾಪಸ್ ಬರೋಕೆ ಇನ್ನೊಂದು 30 ದಿನ. ಅದರಲ್ಲಿ ಇನ್ನೂ ಒಂದು ಬಲವಾದ ಅಸ್ತ್ರ ಇತ್ತು, ಹೌಸ್ ಮತ್ತೆ ಸೆನೆಟ್ ಎರಡೂ ಸಾದಾ ಬಹುಮತದಿಂದ ಸಾಕು ಅಂದ್ರೆ ಸೈನ್ಯ ವಾಪಸ್ ಬರ್ಬೇಕು, ಅಧ್ಯಕ್ಷರ ಸಹಿ ಬೇಕಾಗಿಲ್ಲ.

ಆ ಅಸ್ತ್ರ ಹೋಗಿದ್ದು ಹೇಗೆ ಗೊತ್ತಾ, ಯುದ್ಧಕ್ಕೆ ಸಂಬಂಧಾನೇ ಇಲ್ಲದ ಒಂದು ಕೇಸಿನಲ್ಲಿ. ಜಗದೀಶ್ ರಾಯ್ ಚಡ್ಢಾ ಅಂತ, ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದವರು, ಅಮೆರಿಕಕ್ಕೆ ಓದೋಕೆ ಹೋಗಿದ್ರು, ವೀಸಾ ಮುಗೀತು, ಗಡೀಪಾರಿನ ಪ್ರಶ್ನೆ ಬಂತು. ಇಮಿಗ್ರೇಷನ್ ನ್ಯಾಯಾಧೀಶರು ಇರೋಕೆ ಬಿಟ್ರೂ ಹೌಸ್ ಒಂದೇ ಒಂದು ನಿರ್ಣಯ ಮಾಡಿ ಅದನ್ನ ರದ್ದು ಮಾಡ್ತು. ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 1983ರಲ್ಲಿ ತೀರ್ಪು ಬಂತು, ಅಧ್ಯಕ್ಷರ ಸಹಿಗೆ ಕಳಿಸದೆ ಕಾಂಗ್ರೆಸ್ ಹೀಗೆ ರದ್ದು ಮಾಡೋ ಹಾಗಿಲ್ಲ ಅಂತ. ಚಡ್ಢಾ ಅವರಿಗೆ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ತೀರ್ಪಿನ ಏಟಿಗೆ ವಾರ್ ಪವರ್ಸ್ ಕಾನೂನಿನ ಆ ಭಾಗವೂ ಸತ್ತ ಹಾಗಾಯ್ತು. ಈಗ ಯುದ್ಧ ನಿಲ್ಲಿಸೋ ನಿರ್ಣಯ ಪಾಸ್ ಆದ್ರೂ ಅಧ್ಯಕ್ಷರ ಮೇಜಿಗೆ ಹೋಗ್ಬೇಕು, ಯುದ್ಧ ಮಾಡ್ತಿರೋ ಅಧ್ಯಕ್ಷರೇ ಅದನ್ನ ವೀಟೋ ಮಾಡ್ತಾರೆ, ಅದನ್ನ ಮೀರೋಕೆ ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಬೇಕು.

1787ರಲ್ಲಿ ಯುದ್ಧ ಶುರು ಮಾಡೋಕೆ ಬಹುಮತ ಬೇಕು ಅಂತಿತ್ತು. ಈಗ ಶುರು ಮಾಡೋಕೆ ಒಬ್ಬರು ಸಾಕು, ನಿಲ್ಲಿಸೋಕೆ ಮೂರರಲ್ಲಿ ಎರಡು ಪಾಲು ಬೇಕು. ಸಂವಿಧಾನದ ಒಂದು ಅಕ್ಷರವನ್ನೂ ಬದಲಾಯಿಸದೆ ಇಡೀ ವ್ಯವಸ್ಥೆನ ತಲೆಕೆಳಗೆ ಮಾಡಿದಾರೆ. ಮನೆ ಯಜಮಾನ ಸಾಲಪತ್ರಕ್ಕೆ ಸಹಿ ಹಾಕಿ ಬಂದು ಆಮೇಲೆ ಮನೆಯವರನ್ನ ಕೂರಿಸಿ ಅಭಿಪ್ರಾಯ ಕೇಳಿದ ಹಾಗೆ. 2019ರಲ್ಲಿ ಇದು ಕಣ್ಣೆದುರಿಗೇ ಆಯ್ತು. ಯೆಮೆನ್ ಮೇಲೆ ಸೌದಿ ಮಾಡ್ತಿದ್ದ ಯುದ್ಧಕ್ಕೆ ಅಮೆರಿಕ ಕೊಡ್ತಿದ್ದ ಸಹಾಯ ನಿಲ್ಲಿಸಿ ಅಂತ ಸೆನೆಟ್ 54-46ರಲ್ಲಿ, ಹೌಸ್ 247-175ರಲ್ಲಿ ಪಾಸ್ ಮಾಡ್ತು, ಎರಡೂ ಪಕ್ಷದವರು ಓಟು ಹಾಕಿದ್ರು. ಟ್ರಂಪ್ ವೀಟೋ ಮಾಡಿದ್ರು. ಸೆನೆಟ್‌ನಲ್ಲಿ ಮತ್ತೆ 53 ಜನ ಓಟು ಹಾಕಿದ್ರೂ ಮೂರರಲ್ಲಿ ಎರಡು ಪಾಲು ಆಗ್ಲಿಲ್ಲ. ಎರಡೂ ಸದನದಲ್ಲಿ ಬಹುಮತ ಬೇಡ ಅಂದ ಯುದ್ಧಕ್ಕೆ ಸಹಾಯ ಮುಂದುವರೀತು.

ಇನ್ನು 2001ರ ಸೆಪ್ಟೆಂಬರ್ 14ರ ಓಟು. ಅವಳಿ ಗೋಪುರ ಬಿದ್ದು ಮೂರು ದಿನ ಆಗಿತ್ತು, ದೇಶಕ್ಕೆ ದೇಶವೇ ಕುದೀತಾ ಇತ್ತು. ಆ ದಾಳಿ ಮಾಡಿದವರ ಮೇಲೆ ಸೈನ್ಯ ಬಳಸೋಕೆ ಅಂತ ಆವತ್ತು ಪಾಸ್ ಮಾಡಿದ ಅಧಿಕಾರ ಪತ್ರದ ಮುಖ್ಯ ಭಾಗ ಬರೀ 60 ಪದ. ಹೌಸ್‌ನಲ್ಲಿ 420-1. ಆ ಒಂದು ಓಟು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು, ಇದು ಅಧ್ಯಕ್ಷರಿಗೆ ಬರೆದು ಕೊಡೋ ಖಾಲಿ ಚೆಕ್ಕು ಅಂತ ಅವರು ಹೇಳಿದ್ರು, ಆಮೇಲೆ ಕೊಲೆ ಬೆದರಿಕೆ ಬಂದು ಪೊಲೀಸ್ ಕಾವಲಲ್ಲಿ ಓಡಾಡ್ಬೇಕಾಯ್ತು. ಆ 60 ಪದ ಇಟ್ಕೊಂಡು ಯೆಮೆನ್, ಸೊಮಾಲಿಯಾ, ಸಿರಿಯಾ ತನಕ ಹೋದ್ರು, 2001ರಲ್ಲಿ ಹುಟ್ಟೇ ಇರದ ಸಂಘಟನೆಗಳ ಮೇಲೆ ಬಾಂಬ್ ಹಾಕಿದ್ರು. ಇದನ್ನ ಓದುವಾಗೆಲ್ಲ ಆ ಹೆಂಗಸಿನ ಧೈರ್ಯ ನೆನೆದು ಮನಸ್ಸು ತುಂಬಿ ಬರುತ್ತೆ.

ಈಗ ಜನ ಇಲ್ಲದ ಆ ಜಾಗದಲ್ಲಿ ಬಂದು ಕೂರೋರ ವಿಷಯ. ಜಾರ್ಜ್ ವಾಷಿಂಗ್ಟನ್ 1796ರಲ್ಲಿ ಅಧಿಕಾರ ಬಿಡುವಾಗ ಪತ್ರಿಕೆಯಲ್ಲಿ ಪ್ರಕಟ ಮಾಡಿದ ಪತ್ರದಲ್ಲಿ ಇದನ್ನೇ ಹೇಳಿದ್ರು. ಒಂದು ದೇಶದ ಮೇಲೆ ಕಾಯಂ ದ್ವೇಷ, ಇನ್ನೊಂದು ದೇಶದ ಮೇಲೆ ಕುರುಡು ಮೋಹ, ಎರಡೂ ಬೇಡ, ಎರಡರಲ್ಲೂ ನೀವು ಗುಲಾಮರಾಗ್ತೀರಿ ಅಂತ. ಇದು ಬರೀ ತತ್ವ ಆಗಿರ್ಲಿಲ್ಲ, ಅನುಭವ. 1793ರಲ್ಲಿ ಫ್ರಾನ್ಸಿನ ರಾಯಭಾರಿ ಜೆನೆ ಅಮೆರಿಕಕ್ಕೆ ಬಂದು, ಸರ್ಕಾರ ತಟಸ್ಥ ಅಂತ ಘೋಷಣೆ ಮಾಡಿದ್ರೂ ಕೇಳದೆ, ಅಲ್ಲಿನ ಬಂದರುಗಳಲ್ಲೇ ಬ್ರಿಟಿಷ್ ಹಡಗು ಹಿಡಿಯೋಕೆ ಖಾಸಗಿ ಹಡಗುಗಳನ್ನ ಸಜ್ಜು ಮಾಡಿದ್ದ. ಆ ಹೊಸ ದೇಶನ ಯುರೋಪಿನ ಯುದ್ಧಕ್ಕೆ ಎಳೆದುಬಿಡ್ತಿದ್ದ.

ಇವತ್ತು ಹಡಗು ಬೇಕಾಗಿಲ್ಲ. ವಾಷಿಂಗ್ಟನ್ ನಗರದಲ್ಲಿ ಸೌದಿ, ಯುಎಇ, ಟರ್ಕಿ ಎಲ್ಲರೂ ದುಡ್ಡು ಕೊಟ್ಟು ಲಾಬಿ ಕಂಪನಿಗಳನ್ನ ಇಟ್ಕೊಂಡಿದಾರೆ, ನಮ್ಮ ದೇಶದ ರಾಯಭಾರ ಕಚೇರಿನೂ ಇಟ್ಕೊಂಡಿದೆ. ಇಂಥವರು ಹೆಸರು ನೋಂದಾಯಿಸ್ಬೇಕು ಅಂತ 1938ರಿಂದ ಕಾನೂನಿದೆ, ನಾಜಿಗಳ ಪ್ರಚಾರದ ಭಯಕ್ಕೆ ಬಂದ ಕಾನೂನು ಅದು. ಇಸ್ರೇಲ್ ಪರ ಇರೋ ಐಪ್ಯಾಕ್ ಆ ಪಟ್ಟಿಯಲ್ಲಿಲ್ಲ, ಯಾಕಂದ್ರೆ ಅದು ಅಮೆರಿಕನ್ನರ ದುಡ್ಡಿಂದ ನಡೆಯೋ ಅಮೆರಿಕನ್ನರ ಸಂಸ್ಥೆ. ಇಲ್ಲಿ ನಾನು ಜಾಗ್ರತೆಯಿಂದ ಮಾತಾಡ್ತೀನಿ. ಅಲ್ಲಿನ ಯಹೂದಿಗಳಾಗ್ಲಿ, ಕ್ಯೂಬಾದವರಾಗ್ಲಿ, ನಮ್ಮ ಭಾರತೀಯರಾಗ್ಲಿ ತಮಗೆ ಬೇಕಾದ ನೀತಿಗೆ ಒತ್ತಾಯ ಮಾಡೋದು ಅವರ ಹಕ್ಕು, 2008ರಲ್ಲಿ ಭಾರತ-ಅಮೆರಿಕ ಅಣು ಒಪ್ಪಂದ ಪಾಸ್ ಆಗ್ಲಿ ಅಂತ ಭಾರತೀಯ ಅಮೆರಿಕನ್ನರು ಮಾಡಿದ್ದೂ ಅದನ್ನೇ. ಸಮಸ್ಯೆ ದುಡ್ಡಿನದು. 2010ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಭ್ಯರ್ಥಿಗೂ ಪಕ್ಷಕ್ಕೂ ಸೇರದ ಹೊರಗಿನ ಗುಂಪುಗಳು ಚುನಾವಣೆಯಲ್ಲಿ ಎಷ್ಟು ಬೇಕಾದ್ರೂ ಸುರೀಬಹುದು. 2024ರಲ್ಲಿ ನ್ಯೂಯಾರ್ಕಿನ ಎಂಪಿ ಜಮಾಲ್ ಬೋಮನ್ ಗಾಜಾ ಯುದ್ಧನ ಟೀಕೆ ಮಾಡಿದ್ರು, ಅವರನ್ನ ಪಕ್ಷದ ಒಳಗಿನ ಚುನಾವಣೆಯಲ್ಲೇ ಸೋಲಿಸೋಕೆ ಐಪ್ಯಾಕ್‌ಗೆ ಸೇರಿದ ಗುಂಪು 1 ಕೋಟಿ 40 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡ್ತು, ಒಂದೇ ಒಂದು ಕ್ಷೇತ್ರದಲ್ಲಿ. ಅವರು ಸೋತ್ರು. ಮಿಕ್ಕ ಎಂಪಿಗಳು ಅದನ್ನ ನೋಡ್ತಾ ಇದ್ರು.

ಮತ್ತೆ ಅಮೆರಿಕ ಮಿತ್ರ ದೇಶಕ್ಕೆ ಕೊಡೋ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದನ್ನೂ ನೋಡಿ. 2016ರಲ್ಲಿ ಒಬಾಮಾ ಸರ್ಕಾರ ಇಸ್ರೇಲಿಗೆ ಹತ್ತು ವರ್ಷಕ್ಕೆ 38 ಬಿಲಿಯನ್ ಡಾಲರ್ ಮಿಲಿಟರಿ ನೆರವು ಅಂತ ಒಪ್ಪಂದ ಮಾಡ್ತು, ಅದರಲ್ಲಿ ಹೆಚ್ಚಿನದ್ದು ಅಮೆರಿಕದ ಕಂಪನಿಗಳಿಂದಾನೇ ಆಯುಧ ಕೊಳ್ಳೋಕೆ ಹೋಗುತ್ತೆ. ಆ ಕಂಪನಿಗಳ ಕಾರ್ಖಾನೆ ಎಂಪಿಯ ಕ್ಷೇತ್ರದಲ್ಲೇ ಇರುತ್ತೆ, ಕೆಲಸ ಹೋಗ್ಬಾರ್ದು ಅಂತ ಅವರು ಓಟು ಹಾಕ್ತಾರೆ. ಐಸೆನ್‌ಹೋವರ್ ಅಧ್ಯಕ್ಷ ಆಗೋ ಮೊದಲು ಐದು ನಕ್ಷತ್ರದ ಜನರಲ್ ಆಗಿದ್ದವರು, ಸೈನ್ಯ ಮತ್ತೆ ಆಯುಧ ಉದ್ಯಮ ಎರಡೂ ಸೇರಿ ಸರ್ಕಾರನ ಹಿಡ್ಕೊಳ್ಳೋ ಅಪಾಯ ಇದೆ, ತಿಳಿವಳಿಕೆ ಇರೋ ಎಚ್ಚರದ ಪ್ರಜೆಗಳು ಮಾತ್ರ ಅದನ್ನ ತಡೀಬಹುದು ಅಂತ 1961ರ ಜನವರಿ 17ರ ವಿದಾಯ ಭಾಷಣದಲ್ಲಿ ಹೇಳಿದ್ರು.

ಇಲ್ಲಿಂದ ನನಗೆ ಇಷ್ಟವಾದ ಭಾಗ.

1971. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೈನ್ಯ ಢಾಕಾದಲ್ಲಿ ಕೊಲೆ ಶುರು ಮಾಡ್ತು. ಅಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದವರು ಆರ್ಚರ್ ಬ್ಲಡ್. ಏಪ್ರಿಲ್ 6ಕ್ಕೆ ಅವರ ಕಚೇರಿಯಿಂದ ವಾಷಿಂಗ್ಟನ್ನಿಗೆ ಒಂದು ಟೆಲಿಗ್ರಾಂ ಹೋಯ್ತು, 20 ಜನ ಅಧಿಕಾರಿಗಳು ಸಹಿ ಹಾಕಿದ್ದು, ನಮ್ಮ ಸರ್ಕಾರ ಪ್ರಜಾಪ್ರಭುತ್ವದ ಕೊಲೆನ ಖಂಡಿಸದೆ ಸುಮ್ಮನಿದೆ, ನಾವು ಇದನ್ನ ಒಪ್ಪಲ್ಲ ಅಂತ. ಬ್ಲಡ್ ಅವರನ್ನ ಅಲ್ಲಿಂದ ಎತ್ತಂಗಡಿ ಮಾಡಿದ್ರು. ಅಧ್ಯಕ್ಷ ನಿಕ್ಸನ್, ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಇಬ್ಬರಿಗೂ ಚೀನಾ ಜೊತೆ ಸಂಬಂಧ ಬೆಳೆಸೋಕೆ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಬೇಕಾಗಿದ್ದ. ಪಾಕಿಸ್ತಾನಕ್ಕೆ ಆಯುಧ ನಿಲ್ಲಿಸಿದೀವಿ ಅಂತ ಸರ್ಕಾರ ಜನಕ್ಕೆ ಹೇಳ್ತಿತ್ತು, ಜೂನ್ 22ಕ್ಕೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿ ಬಂತು, ಪಾಕಿಸ್ತಾನಿ ಹಡಗುಗಳು ಮಿಲಿಟರಿ ಸಾಮಾನು ತುಂಬ್ಕೊಂಡು ನ್ಯೂಯಾರ್ಕಿನಿಂದ ಹೊರಡ್ತಾನೇ ಇವೆ ಅಂತ.

ಫಿಲಡೆಲ್ಫಿಯಾ ಕಡೆ ಕ್ವೇಕರ್ಸ್ ಅಂತ ಇದಾರೆ, ಯುದ್ಧನ ಯಾವ ಕಾರಣಕ್ಕೂ ಒಪ್ಪದ ಕ್ರಿಶ್ಚಿಯನ್ ಪಂಗಡ. ಅವರಲ್ಲಿ ಕೆಲವರು, ಜೊತೆಗೆ ಅಲ್ಲಿದ್ದ ಬಂಗಾಳಿಗಳು ಸೇರಿ ಯೋಚನೆ ಮಾಡಿದ್ರು. ವೈಟ್ ಹೌಸ್ ಮುಂದೆ ನಿಂತು ಕೂಗಿದ್ರೆ ನಿಕ್ಸನ್ ಕೇಳಲ್ಲ, ಆದ್ರೆ ಹಡಗು ಬಂದರಿಗೆ ಬರ್ಲೇಬೇಕಲ್ಲ. ಜುಲೈ ಮಧ್ಯದಲ್ಲಿ ಪದ್ಮಾ ಅನ್ನೋ ಪಾಕಿಸ್ತಾನಿ ಸರಕು ಹಡಗು ಬಾಲ್ಟಿಮೋರ್ ಬಂದರಿಗೆ ಬರುವಾಗ ಇವರು ಸಣ್ಣ ಸಣ್ಣ ದೋಣಿಗಳಲ್ಲಿ, ಹುಟ್ಟು ಹಾಕ್ಕೊಂಡು, ಆ ಹಡಗಿನ ಎದುರಿಗೆ ಹೋದ್ರು. ಯೋಚನೆ ಮಾಡಿ, ಅವರಲ್ಲಿ ಎಷ್ಟೋ ಜನಕ್ಕೆ ಪೂರ್ವ ಬಂಗಾಳ ಭೂಪಟದಲ್ಲಿ ಎಲ್ಲಿದೆ ಅಂತ ವರ್ಷದ ಹಿಂದೆ ಗೊತ್ತಿತ್ತೋ ಇಲ್ವೋ. ಪೊಲೀಸರು ಹಿಡಿದು ಒಳಗೆ ಹಾಕಿದ್ರು, ಹಡಗು ಬಂದರು ಸೇರ್ತು. ಕಿಸಿಂಜರ್ ಆಗಷ್ಟೇ ಇಸ್ಲಾಮಾಬಾದಿನಿಂದ ಗುಟ್ಟಾಗಿ ಬೀಜಿಂಗಿಗೆ ಹೋಗಿ ಬಂದಿದ್ರು, ಜುಲೈ 15ಕ್ಕೆ ನಿಕ್ಸನ್ ಟಿವಿಯಲ್ಲಿ ಅದನ್ನ ಹೇಳಿದ್ರು. ಒಂದು ಕಡೆ ಜಗತ್ತಿನ ದೊಡ್ಡ ಆಟ, ಇನ್ನೊಂದು ಕಡೆ ಈ ದೋಣಿಗಳು, ಎರಡೂ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ.

ಅವರು ಅಲ್ಲಿಗೆ ಬಿಡಲಿಲ್ಲ. ಬಂದರಿನ ಹಮಾಲರ ಯೂನಿಯನ್ ಹತ್ರ ಹೋಗಿ ಕೂತು ಮಾತಾಡಿದ್ರು. ಆಗಸ್ಟ್‌ನಲ್ಲಿ ಅಲ್ ಅಹ್ಮದಿ ಅನ್ನೋ ಹಡಗು ಫಿಲಡೆಲ್ಫಿಯಾಗೆ ಬಂದಾಗ ಹಮಾಲರು ಸಾಮಾನು ಏರಿಸಲ್ಲ ಅಂದ್ರು, ಹಡಗು ಬಂದ ಹಾಗೇ ಹೊರಟೋಯ್ತು. ದಿನಗೂಲಿ ಬಿಟ್ಟು ನಿಂತವರು ಅವರು. ಅದೇ ಆಗಸ್ಟ್‌ನಲ್ಲಿ ಹೌಸ್, ಪಾಕಿಸ್ತಾನಕ್ಕೆ ನೆರವು ನಿಲ್ಲಿಸೋ ಷರತ್ತು ಇರೋ ಬಿಲ್ ಪಾಸ್ ಮಾಡ್ತು, ಸೆನೆಟರ್ ಟೆಡ್ ಕೆನಡಿ ಬಂಗಾಳದ ನಿರಾಶ್ರಿತರ ಶಿಬಿರಗಳಿಗೆ ಬಂದು ಕೆಸರಲ್ಲಿ ನಡೆದು ನೋಡ್ಕೊಂಡು ಹೋದ್ರು, ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತೆ ಜಾರ್ಜ್ ಹ್ಯಾರಿಸನ್ ಸಂಗೀತ ಕಛೇರಿ ಮಾಡಿದ್ರು. ಶರತ್ಕಾಲದಲ್ಲಿ ಈ ಹೋರಾಟಗಾರರು ವೈಟ್ ಹೌಸ್ ಎದುರಿನ ಪಾರ್ಕಿನಲ್ಲಿ ದೊಡ್ಡ ಚರಂಡಿ ಪೈಪುಗಳನ್ನ ತಂದಿಟ್ಟು ಅದರೊಳಗೆ ವಾಸ ಮಾಡಿದ್ರು, ಯಾಕಂದ್ರೆ ಕಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ನಿರಾಶ್ರಿತರು ಹಾಗೇ ಪೈಪುಗಳಲ್ಲಿ ಇದ್ರು. ನವೆಂಬರ್ 8ಕ್ಕೆ ಅಮೆರಿಕ ಸರ್ಕಾರ ಉಳಿದಿದ್ದ ಆಯುಧ ಲೈಸೆನ್ಸುಗಳನ್ನ ರದ್ದು ಮಾಡ್ತು.

ಇದನ್ನ ಪೂರ್ತಿ ಗೆಲುವು ಅಂತ ನಾನು ಹೇಳಲ್ಲ. ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ ನಿಕ್ಸನ್ ಮತ್ತೆ ಕಿಸಿಂಜರ್, ಇದು ಕಾನೂನಿಗೆ ವಿರುದ್ಧ ಅಂತ ಅಧಿಕಾರಿಗಳು ಹೇಳಿದ್ರೂ, ಜೋರ್ಡಾನ್, ಇರಾನ್ ಮೂಲಕ ಪಾಕಿಸ್ತಾನಕ್ಕೆ ವಿಮಾನ ಕಳಿಸೋಕೆ ನೋಡಿದ್ರು, ಎಂಟರ್‌ಪ್ರೈಸ್ ಅನ್ನೋ ಸೆವೆಂತ್ ಫ್ಲೀಟಿನ ಯುದ್ಧ ಹಡಗನ್ನ ಬಂಗಾಳ ಕೊಲ್ಲಿಗೆ ಕಳಿಸಿದ್ರು. ನಮ್ಮ ಮನೆಗಳಲ್ಲಿ ಹಿರಿಯರು ಸೆವೆಂತ್ ಫ್ಲೀಟ್ ಬಂದಿತ್ತು ಅಂತ ಇವತ್ತಿಗೂ ಹೇಳ್ತಾರೆ, ಅದು ನಮಗೆ ಗೊತ್ತು. ಆದ್ರೆ ಅದೇ ಅಮೆರಿಕದವರು ದೋಣಿ ಹತ್ತಿ ಜೈಲಿಗೆ ಹೋಗಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪೂರ್ವ ಪಾಕಿಸ್ತಾನದಿಂದ ಬಂದವರ ಮಕ್ಕಳು ಮೊಮ್ಮಕ್ಕಳು ನಮ್ಮ ರಾಯಚೂರು ಜಿಲ್ಲೆ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಭತ್ತ ಬೆಳ್ಕೊಂಡು ಕನ್ನಡ ಮಾತಾಡ್ಕೊಂಡು ಇದಾರೆ, ಅವರ ಶಾಲೆಯ ಪಾಠದಲ್ಲಾದ್ರೂ ಈ ಕಥೆ ಬರ್ಬೇಕು ಅಂತ ನನ್ನ ಆಸೆ.

ಇನ್ನೊಂದು ಗೆಲುವು ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ವಿರುದ್ಧದ್ದು, ಅದು ನಿಧಾನಕ್ಕೆ ಬಂದಿದ್ದು. 1970ರಲ್ಲಿ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ಇಬ್ಬರು ಕಪ್ಪು ಜನಾಂಗದವರು, ಕ್ಯಾರೊಲೈನ್ ಹಂಟರ್ ಮತ್ತೆ ಕೆನ್ ವಿಲಿಯಮ್ಸ್, ತಮ್ಮ ಕಂಪನಿ ಕ್ಯಾಮರಾನ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನ ಯಾವಾಗ್ಲೂ ಜೊತೆಗಿಟ್ಕೊಳ್ಳಲೇಬೇಕಾಗಿದ್ದ ಗುರುತಿನ ಪಾಸ್‌ಬುಕ್ ಫೋಟೋ ತೆಗೆಯೋಕೆ ಬಳಸ್ತಾರೆ ಅಂತ ಕಂಡ್ಕೊಂಡ್ರು. ಏಳು ವರ್ಷ ಬಿಡದೆ ಹಿಡಿದ್ರು, 1977ರಲ್ಲಿ ಕಂಪನಿ ಅಲ್ಲಿಂದ ಹೊರಗೆ ಬಂತು. 1984ರ ನವೆಂಬರ್‌ನಲ್ಲಿ ರ‍್ಯಾಂಡಲ್ ರಾಬಿನ್ಸನ್ ಮತ್ತವರ ಜೊತೆಗಾರರು ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಒಳಗೆ ಕೂತು ಏಳಲ್ಲ ಅಂದು ಅರೆಸ್ಟ್ ಆದ್ರು, ಆಮೇಲೆ ದಿನಾ ಯಾರಾದ್ರೂ ಅಲ್ಲಿ ಹೋಗಿ ಅರೆಸ್ಟ್ ಆಗೋರು, ಒಂದು ವರ್ಷ ಹೀಗೇ ನಡೀತು, ಸಾವಿರಾರು ಜನ. ಯೂನಿವರ್ಸಿಟಿ ಹುಡುಗ ಹುಡುಗೀರು ತಮ್ಮ ಯೂನಿವರ್ಸಿಟಿ ದುಡ್ಡನ್ನ ಅಂಥ ಕಂಪನಿಗಳಿಂದ ವಾಪಸ್ ತೆಗೀರಿ ಅಂತ ಹಟ ಹಿಡಿದ್ರು. 1986ರಲ್ಲಿ ಕಾಂಗ್ರೆಸ್ ನಿರ್ಬಂಧ ಕಾನೂನು ಪಾಸ್ ಮಾಡ್ತು, ರೇಗನ್ ವೀಟೋ ಮಾಡಿದ್ರು, ಹೌಸ್ 313-83, ಸೆನೆಟ್ 78-21, ವೀಟೋ ಮುರಿದುಬಿತ್ತು. ರೇಗನ್ ಅವರ ಪಕ್ಷದವರೇ ಅವರ ವಿರುದ್ಧ ಓಟು ಹಾಕಿದ್ರು. ಆ ಮೂರರಲ್ಲಿ ಎರಡು ಪಾಲು ಸಿಗಲ್ಲ ಅನ್ನೋರಿಗೆ ನಾನು ತೋರಿಸೋದು ಇದನ್ನ.

2013ರಲ್ಲಿ ಫೋನ್‌ಗಳೇ ಸಾಕಾದ್ವು. ಸಿರಿಯಾದ ಘೌಟಾದಲ್ಲಿ ವಿಷಾನಿಲ ದಾಳಿ ಆಯ್ತು, ಒಬಾಮಾ ಬಾಂಬ್ ಹಾಕ್ತೀವಿ ಅಂತ ಹೊರಟ್ರು, ಬ್ರಿಟಿಷ್ ಪಾರ್ಲಿಮೆಂಟು 285-272ರಲ್ಲಿ ಬೇಡ ಅಂತು, ಆಗ ಒಬಾಮಾ ಕಾಂಗ್ರೆಸ್ಸನ್ನ ಕೇಳ್ತೀನಿ ಅಂದ್ರು. ಅಷ್ಟೇ, ಜನ ತಮ್ಮ ತಮ್ಮ ಎಂಪಿಗಳ ಕಚೇರಿಗೆ ಫೋನ್ ಮಾಡೋಕೆ ಶುರು ಮಾಡಿದ್ರು, ಹೆಚ್ಚುಕಡಿಮೆ ಎಲ್ಲಾ ಫೋನೂ ಬೇಡ ಅಂತಾನೇ. ಓಟಿಗೆ ಹಾಕಿದ್ರೆ ಸೋಲೋದು ಗ್ಯಾರಂಟಿ ಅಂತ ಗೊತ್ತಾಗಿ ಓಟೇ ನಡೀಲಿಲ್ಲ, ರಷ್ಯಾ ಜೊತೆ ಮಾತಾಡಿ ರಾಸಾಯನಿಕ ಆಯುಧ ಹೊರಗೆ ತೆಗೆಸೋ ದಾರಿ ಹಿಡಿದ್ರು. ಕಾಂಗ್ರೆಸ್ಸನ್ನ ಕೇಳಿದ್ರಿಂದ ಜನರ ಮಾತಿಗೆ ಬೆಲೆ ಬಂತು, ಕೇಳದೆ ಇದ್ರೆ ಆ ಫೋನುಗಳು ಗಾಳಿಗೆ ಹೋಗ್ತಿದ್ವು. ಹತ್ತು ವರ್ಷ ಹಿಂದೆ, 2003ರ ಫೆಬ್ರವರಿ 15ಕ್ಕೆ ಇರಾಕ್ ಯುದ್ಧ ಬೇಡ ಅಂತ ಪ್ರಪಂಚದ ನೂರಾರು ಊರುಗಳಲ್ಲಿ ಲಕ್ಷ ಲಕ್ಷ ಜನ ಬೀದಿಗೆ ಬಂದಿದ್ರು, ಏನೂ ಆಗ್ಲಿಲ್ಲ, ಯಾಕಂದ್ರೆ ಕಾಂಗ್ರೆಸ್ ಹಿಂದಿನ ಅಕ್ಟೋಬರ್‌ನಲ್ಲೇ ಬುಷ್‌ಗೆ ಬರೆದು ಕೊಟ್ಟಾಗಿತ್ತು, ಬೀದಿಗೆ ಬಂದವರು ಹಿಡ್ಕೊಳ್ಳೋಕೆ ಯಾವ ಓಟೂ ಉಳಿದಿರ್ಲಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ್ರು, "ಜನಾನೇ ಯುದ್ಧ ಬೇಕು ಅಂದ್ರೆ ಏನ್ ಮಾಡ್ತೀರಿ ಸರ್?" ಸರಿಯಾದ ಪ್ರಶ್ನೆ. ಇರಾಕ್ ಯುದ್ಧ ಶುರುವಾದ ದಿನಗಳಲ್ಲಿ ಹತ್ತರಲ್ಲಿ ಏಳು ಜನ ಅಮೆರಿಕನ್ನರು ಅದರ ಪರ ಇದ್ರು. ಆದ್ರೆ ಅವರಿಗೆ ಸದ್ದಾಂ ಹತ್ರ ಸರ್ವನಾಶದ ಆಯುಧ ಇದೆ ಅಂತ ಹೇಳಲಾಗಿತ್ತು, ಹೋಗಿ ನೋಡಿದ್ರೆ ಇರ್ಲಿಲ್ಲ. ಅದಕ್ಕೇ ನಾನು ಡೇನಿಯಲ್ ಎಲ್ಸ್‌ಬರ್ಗ್ ಅಂಥವರನ್ನ ಸೈನಿಕರಷ್ಟೇ ದೊಡ್ಡವರು ಅಂತ ನೋಡ್ತೀನಿ, ವಿಯೆಟ್ನಾಂ ಬಗ್ಗೆ ಸರ್ಕಾರದ ಒಳಗಿನ ಕಾಗದಗಳನ್ನ 1971ರಲ್ಲಿ ಪತ್ರಿಕೆಗೆ ಕೊಟ್ರು, ಜೈಲಿಗೆ ಹೋಗೋಕೂ ತಯಾರಿದ್ರು. 1930ರ ದಶಕದಲ್ಲಿ ಇಂಡಿಯಾನಾದ ಲೂಯಿ ಲಡ್ಲೋ ಅನ್ನೋ ಎಂಪಿ, ದೇಶದ ಮೇಲೆ ದಾಳಿ ಆದಾಗ ಬಿಟ್ರೆ ಬೇರೆ ಯಾವ ಯುದ್ಧಕ್ಕೂ ಇಡೀ ದೇಶದ ಜನಮತಗಣನೆ ಮಾಡ್ಬೇಕು ಅಂತ ಸಂವಿಧಾನ ತಿದ್ದುಪಡಿ ತಂದಿದ್ರು. 1938ರಲ್ಲಿ ಅದನ್ನ ಚರ್ಚೆಗೆ ತಗೊಳ್ಳೋದಾ ಬೇಡ್ವಾ ಅನ್ನೋ ಓಟಿನಲ್ಲೇ 209-188ರಲ್ಲಿ ಸೋತ್ರು, ರೂಸ್ವೆಲ್ಟ್ ಖುದ್ದು ಪತ್ರ ಬರೆದು ವಿರೋಧ ಮಾಡಿದ್ರು. ಹಿಟ್ಲರ್ ಬೆಳೀತಾ ಇದ್ದ ಆ ಹೊತ್ತಿನಲ್ಲಿ ಅದು ಪಾಸ್ ಆಗದೆ ಇದ್ದಿದ್ದು ಒಳ್ಳೇದೇ ಆಯ್ತು ಅಂತ ನನ್ನ ಅಭಿಪ್ರಾಯ. ಜನಮತಗಣನೆಗಿಂತ ಆರಿಸಿ ಕಳಿಸಿದವರು ಎದ್ದು ನಿಂತು ಹೆಸರು ಹಾಕಿ ಓಟು ಮಾಡೋದು, ಮುಂದಿನ ಚುನಾವಣೆಯಲ್ಲಿ ಅದಕ್ಕೆ ಉತ್ತರ ಕೊಡೋದು, ಅದೇ ಸರಿಯಾದ ದಾರಿ.

ಇನ್ನೊಬ್ಬ ಹುಡುಗಿ, ಲಾ ಓದ್ತಿರೋಳು, ಕೇಳಿದ್ಲು, ನಮ್ಮಲ್ಲಿ ಹೇಗೆ ಅಂತ. ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್‌ನ ಮೂರರಲ್ಲಿ ಎರಡು ಪಾಲು ಬೇಕು ಅಂತ ಸಂವಿಧಾನದಲ್ಲೇ ಇದೆ. ನಮ್ಮಲ್ಲಿ ಬೇರೆ ದೇಶದ ಜೊತೆ ಒಪ್ಪಂದ ಮಾಡ್ಕೊಳ್ಳೋಕೆ ಸರ್ಕಾರ ಸಂಸತ್ತಿನ ಒಪ್ಪಿಗೆ ಪಡೀಲೇಬೇಕು ಅಂತ ಎಲ್ಲೂ ಇಲ್ಲ. 2008ರ ಅಣು ಒಪ್ಪಂದದ ಮೇಲೆ ಅಮೆರಿಕದ ಎರಡೂ ಸದನ ಓಟು ಮಾಡಿದ್ವು, ನಮ್ಮ ಲೋಕಸಭೆಯಲ್ಲಿ ಜುಲೈ 22ಕ್ಕೆ ನಡೆದ 275-256ರ ಓಟು ಸರ್ಕಾರ ಇರ್ಬೇಕಾ ಬೀಳ್ಬೇಕಾ ಅನ್ನೋದರ ಬಗ್ಗೆ, ಒಪ್ಪಂದದ ಬಗ್ಗೆ ಅಲ್ಲ. ಬೆಂಗಳೂರಿನವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಕೊಟ್ಟ ವರದಿಯಲ್ಲಿ, ಒಪ್ಪಂದ ಮಾಡ್ಕೊಳ್ಳೋ ಅಧಿಕಾರದ ಬಗ್ಗೆ ಸಂಸತ್ತು ಒಂದು ಕಾನೂನು ಮಾಡ್ಬೇಕು ಅಂತ ಶಿಫಾರಸು ಮಾಡಿದೆ. ಆ ಕಾನೂನು ಇನ್ನೂ ಬಂದಿಲ್ಲ. ಆ ವರದಿ ಓದಿ ಮುಂದಿನ ಸಭೆಯಲ್ಲಿ ನೀನೇ ಮಾತಾಡಮ್ಮ ಅಂತ ಹೇಳಿದೀನಿ, ಒಪ್ಕೊಂಡಿದಾಳೆ.